ಸಕ್ಕರೆ ಬೀಟ್ ಬಿತ್ತುವ ಮುನ್ನ ನೀರಾವರಿ ಜಮೀನಿನ ಫಲವತ್ತತೆಯನ್ನು ಅರಿಯುವ ಬಗೆ

ನವಲಗುಂದ ತಾಲ್ಲೂಕಿನ ಹಿರಿಯ ರೈತರೊಬ್ಬರು ಒಂದು ದಿನ ನಮ್ಮ ವಿಭಾಗಕ್ಕೆ ಬಂದು, ಕೈಚೀಲದಿಂದ ಮಣ್ಣಿನ ಪೊಟ್ಟಣವೊಂದನ್ನು ತೆಗೆದು ಮೇಜಿನ ಮೇಲಿಟ್ಟರು. “ಸಾಹೇಬ್ರ, ಕಾಲುವಿ ಕೆಳಗಿನ ಹೊಲದಾಗ ಕಬ್ಬು ಹಚ್ಚಿದ್ವಿ, ಏಳಲಿಲ್ಲ. ಮೆಣಸಿನಕಾಯಿ ಹಚ್ಚಿದ್ವಿ, ಸುಟ್ಟಂಗಾಗಿ ಹೋತು. ಸಕ್ಕರಿ ಬೀಟ್ ಅಂತ ಒಂದು ಬೆಳಿ ಐತಂತ, ಸವಳು ಭೂಮಿಗೂ ಬರತೈತಂತ. ಈ ಮಣ್ಣಿಗೆ ಎಷ್ಟು ಚೀಲ ಗೊಬ್ಬರ ಹಾಕಬೇಕ್ರಿ?” ಎಂದು ಕೇಳಿದರು.

ಅವರು ಕೇಳಿದ್ದು ನಾವೆಲ್ಲ ರೂಢಿಯಿಂದ ಕೇಳುವ ಪ್ರಶ್ನೆಯೇ. ಮಣ್ಣು ಪರೀಕ್ಷೆ ಎಂದರೆ ಗೊಬ್ಬರದ ಚೀಲಗಳ ಲೆಕ್ಕ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಆದರೆ ಸಕ್ಕರೆ ಬೀಟಿಗೆ ಈ ಪ್ರಶ್ನೆಯನ್ನು ಕೊನೆಯಲ್ಲಿ ಕೇಳಬೇಕು. ಮೊದಲು ಕೇಳಬೇಕಾದದ್ದು: ಮಣ್ಣಿನ ಕೆಳಗೆ ನೀರು ಎಲ್ಲಿ ನಿಂತಿದೆ, ಉಪ್ಪು ಯಾವ ಪದರದಲ್ಲಿದೆ, ಹಿಂದಿನ ಬೆಳೆಗೆ ಹಾಕಿದ ಸಾರಜನಕ ಎಷ್ಟು ಉಳಿದಿದೆ. ಬೇರೆ ಬೆಳೆಗಳಿಗೆ ಮಣ್ಣಿನಲ್ಲಿ ಏನು ಕಡಿಮೆಯಿದೆ ಎಂದು ನೋಡುತ್ತೇವೆ. ಬೀಟಿಗೆ ಏನು ಹೆಚ್ಚಾಗಿದೆ ಎಂಬುದನ್ನೂ ಅಷ್ಟೇ ಎಚ್ಚರದಿಂದ ನೋಡಬೇಕಾಗುತ್ತದೆ.

ಬೆಳೆಯ ಗುಣ

ಸಕ್ಕರೆ ಬೀಟ್ ನಮ್ಮ ಅಡಿಗೆಯ ಕೆಂಪು ಬೀಟ್ರೂಟಿನ ದಾಯಾದಿ. ಗಡ್ಡೆ ಬಿಳಿಯದು, ಮೂಲಂಗಿಗಿಂತ ದಪ್ಪ, ಕೆಳಕ್ಕೆ ಮೊನಚು. ಗಡ್ಡೆಯಲ್ಲಿ ಶೇಕಡಾ 14 ರಿಂದ 18 ರಷ್ಟು ಸಕ್ಕರೆ ಇರುತ್ತದೆ. ಇದರಲ್ಲಿರುವುದು ಕಬ್ಬಿನಲ್ಲಿರುವ ಸಕ್ಕರೆಯೇ ಎಂದು 1747 ರಲ್ಲಿ ಬರ್ಲಿನ್ನಿನ ರಸಾಯನಶಾಸ್ತ್ರಜ್ಞ ಮಾರ್ಗ್ರಾಫ್ ತೋರಿಸಿದನು. ಆತನ ಶಿಷ್ಯ ಅಖಾರ್ಡ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಸೈಲೀಶಿಯಾದಲ್ಲಿ ಮೊದಲ ಕಾರ್ಖಾನೆ ನಡೆಸಿದನು. ನಮ್ಮ ದೇಶದಲ್ಲಿ ರಾಜಸ್ಥಾನದ ಶ್ರೀಗಂಗಾನಗರದ ಕಾಲುವೆ ಪ್ರದೇಶದಲ್ಲಿ ಈ ಬೆಳೆಯನ್ನು ಬೆಳೆದು ಹಲವು ವರ್ಷ ಸಕ್ಕರೆ ತೆಗೆದದ್ದುಂಟು. ಬಯಲುಸೀಮೆಯ ಸೆಖೆಗೆ ಹೊಂದುವ ತಳಿಗಳು ಬಂದ ಮೇಲೆ ಮಹಾರಾಷ್ಟ್ರ, ತಮಿಳುನಾಡು ಮತ್ತು ನಮ್ಮ ಭಾಗದ ಎರೆ ಭೂಮಿಗಳಲ್ಲಿಯೂ ಪ್ರಯೋಗಗಳು ನಡೆದಿವೆ. ನಮ್ಮಲ್ಲಿ ಇದು ಹಿಂಗಾರಿನ ಬೆಳೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗೆ ಬಿತ್ತಿದರೆ ಐದಾರು ತಿಂಗಳಿಗೆ ಕೀಳಲು ಬರುತ್ತದೆ. ಬೀಜ ಬಿಡಬೇಕಾದರೆ ದೀರ್ಘ ಚಳಿ ಬೇಕಾದ್ದರಿಂದ ನಮ್ಮಲ್ಲಿ ಬೀಜವಾಗುವುದಿಲ್ಲ. ಪ್ರತಿ ಸಲವೂ ಕೊಳ್ಳಲೇಬೇಕು.

ಇದರ ಮೂಲ ಯುರೋಪಿನ ಕಡಲತೀರದ ಕಾಡುಬೀಟ್. ಉಪ್ಪಿನ ಗಾಳಿಯಲ್ಲಿ ಬೆಳೆದ ವಂಶವಾದ್ದರಿಂದಲೇ ಉಪ್ಪನ್ನು ತಾಳಿಕೊಳ್ಳುತ್ತದೆ. ಇಂಗ್ಲೆಂಡಿನ ಕೆಲವು ಹಗುರ ಭೂಮಿಗಳಲ್ಲಿ ಈ ಬೆಳೆಗೆ ಉಪ್ಪನ್ನೇ ಗೊಬ್ಬರದಂತೆ ಹಾಕುವ ರೂಢಿಯಿದೆ ಎಂದರೆ ನಮ್ಮ ರೈತರು ನಗಬಹುದು. ನಮ್ಮ ಕಾಲುವೆ ಕೆಳಗೆ ಉಪ್ಪನ್ನು ಹಾಕುವ ಪ್ರಮೇಯವೇ ಬರುವುದಿಲ್ಲ, ಅದು ತಾನಾಗಿಯೇ ಮೇಲೆ ಬಂದು ಕೂತಿದೆ.

ಮೊದಲು ಗುಂಡಿ, ಆಮೇಲೆ ಪೊಟ್ಟಣ

ಮಲಪ್ರಭೆಯ ನೀರು 1970 ರ ದಶಕದಲ್ಲಿ ನವಲಗುಂದ, ನರಗುಂದಗಳ ಎರೆ ಹೊಲಗಳಿಗೆ ಹರಿಯತೊಡಗಿತು. ಅದಕ್ಕೆ ಮೊದಲು ಈ ಭೂಮಿ ಮಳೆಯನ್ನೇ ನಂಬಿ ಜೋಳ, ಹತ್ತಿ, ಕಡಲೆ, ಗೋಧಿ ಬೆಳೆಯುತ್ತಿತ್ತು. ಎರೆಮಣ್ಣಿನಲ್ಲಿ ಜೇಡಿ ಅಂಶ ಬಹಳ; ನೀರು ನಿಧಾನವಾಗಿ ಇಳಿಯುತ್ತದೆ, ಇಳಿದದ್ದು ಬೇಗ ಹೊರಹೋಗುವುದಿಲ್ಲ. ಹೀಗಾಗಿ ಬಸಿಗಾಲುವೆ ಇಲ್ಲದ ಕಡೆ, ಅದರಲ್ಲಿಯೂ ಕಾಲುವೆಯ ಬದಿಗೆ ಮತ್ತು ಹಳ್ಳದ ತಗ್ಗಿನಲ್ಲಿ, ಅಂತರ್ಜಲ ಮೇಲೇರಿ ಜವಳು ಆಯಿತು. ಬೇಸಿಗೆಯಲ್ಲಿ ಆ ನೀರು ಆವಿಯಾದಾಗ ಉಪ್ಪು ಮೇಲುಳಿದು ಸವಳು ಆಯಿತು. 1980 ರ ಜುಲೈ ತಿಂಗಳಲ್ಲಿ ನರಗುಂದ-ನವಲಗುಂದಗಳ ರೈತರು ಸುಧಾರಣಾ ಕರದ ವಿರುದ್ಧ ಎದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ನೀರು ಬಂದ ಮಾತ್ರಕ್ಕೆ ಭೂಮಿ ಸುಧಾರಿಸುವುದಿಲ್ಲ ಎಂಬುದನ್ನು ಈ ಭಾಗದ ರೈತರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಆದ್ದರಿಂದ ಮಣ್ಣಿನ ಮಾದರಿ ತೆಗೆಯುವ ಮುನ್ನ ಹೊಲದಲ್ಲಿ ಎತ್ತರದಲ್ಲೊಂದು, ತಗ್ಗಿನಲ್ಲೊಂದು ಮೂರಡಿ ಆಳದ ಗುಂಡಿ ತೋಡಿರಿ. ಗುಂಡಿಯ ಗೋಡೆಯನ್ನು ಚೂರಿಯಿಂದ ಕೆರೆದು ನೋಡಿರಿ. ಬೀಟಿನ ತಾಯಿಬೇರು ನಾಲ್ಕೈದು ಅಡಿ ಆಳಕ್ಕೂ ಹೋಗಬಲ್ಲದು. ಒಂದಡಿಯ ಕೆಳಗೆ ರಂಟೆಯ ತಳದ ಗಟ್ಟಿ ಪದರ ಸಿಕ್ಕರೆ ಗಡ್ಡೆ ಕವಲೊಡೆದು ಕಾಲು ಚಾಚುತ್ತದೆ. ಅಂಥ ಗಡ್ಡೆ ಕೀಳುವಾಗ ಮುರಿಯುತ್ತದೆ, ಸಂದಿಯಲ್ಲಿ ಮಣ್ಣು ಹಿಡಿದು ತೂಕದಲ್ಲಿ ಕಡಿತವಾಗುತ್ತದೆ. ಎರಡಡಿಯಲ್ಲಿ ಬೂದು ಮಣ್ಣಿನ ನಡುವೆ ತುಕ್ಕಿನ ಬಣ್ಣದ ಚುಕ್ಕೆಗಳು ಕಂಡರೆ ಅಲ್ಲಿ ವರ್ಷದ ಕೆಲವು ಕಾಲ ನೀರು ನಿಲ್ಲುತ್ತದೆ ಎಂದು ತಿಳಿಯಬೇಕು. ಮರುದಿನ ಬೆಳಿಗ್ಗೆ ಗುಂಡಿಯಲ್ಲಿ ನೀರು ಒಸರಿ ನಿಂತಿದ್ದರೆ ಅಲ್ಲಿಗೆ ಮಣ್ಣು ಪರೀಕ್ಷೆಯ ಮುಖ್ಯ ಭಾಗ ಮುಗಿಯಿತು. ಆ ಹೊಲಕ್ಕೆ ಬೇಕಾದದ್ದು ಬಸಿಗಾಲುವೆ. ಬೀಟ್ ಉಪ್ಪನ್ನು ತಾಳುತ್ತದೆಯೇ ಹೊರತು ನಿಂತ ನೀರನ್ನು ತಾಳುವುದಿಲ್ಲ, ಗಡ್ಡೆ ಕೊಳೆಯುತ್ತದೆ. ಈ ಎರಡರ ವ್ಯತ್ಯಾಸವನ್ನು ಬೀಜ ಮಾರುವವರು ಬಿಡಿಸಿ ಹೇಳುವುದು ಅಪರೂಪ.

ಸವಳೋ, ಕರ್ಲೋ ಎಂಬುದನ್ನು ಮನೆಯಲ್ಲಿಯೇ ಅಂದಾಜು ಮಾಡಬಹುದು. ಸವಳಿನಲ್ಲಿ ಬೇಸಿಗೆಯಲ್ಲಿ ಬಿಳಿ ಪುಡಿ ಏಳುತ್ತದೆ, ಮಣ್ಣು ಮೃದುವಾಗಿರುತ್ತದೆ. ಕರ್ಲಿನಲ್ಲಿ ಮೇಲ್ಮೈ ಕಪ್ಪಾಗಿ ಎಣ್ಣೆ ಸವರಿದಂತೆ ಕಾಣುತ್ತದೆ, ಮಳೆ ನೀರು ದಿನಗಟ್ಟಲೆ ನಿಂತು ಕದಡಿಯೇ ಇರುತ್ತದೆ. ಸಂಶಯವಿದ್ದರೆ ಗಾಜಿನ ಲೋಟದಲ್ಲಿ ಹಿಡಿದಿಟ್ಟ ಮಳೆ ನೀರು ಅಥವಾ ಬ್ಯಾಟರಿಗೆ ಹಾಕುವ ಭಟ್ಟಿ ಇಳಿಸಿದ ನೀರು ಹಾಕಿ, ಒಣಗಿದ ಸಣ್ಣ ಹೆಂಟೆಯೊಂದನ್ನು ಮೆಲ್ಲಗೆ ಇಳಿಬಿಡಿರಿ, ಅಲುಗಾಡಿಸಬೇಡಿರಿ. ಕೆಲವು ತಾಸಿನ ನಂತರ ಹೆಂಟೆಯ ಸುತ್ತ ಹಾಲಿನಂಥ ಮೋಡ ಹರಡಿದ್ದರೆ ಸೋಡಿಯಂ ಹೆಚ್ಚಾಗಿದೆ ಎಂದರ್ಥ. ಹೆಂಟೆ ಬರೇ ಉದುರಿ ನೀರು ತಿಳಿಯಾಗಿಯೇ ಉಳಿದರೆ ಭಯವಿಲ್ಲ. ಕೊಳವೆ ಬಾವಿಯ ನೀರನ್ನು ಇದಕ್ಕೆ ಬಳಸಬಾರದು. ಅದರಲ್ಲಿರುವ ಲವಣವೇ ಕಣಗಳನ್ನು ಹಿಡಿದಿಟ್ಟು ರೋಗವನ್ನು ಮರೆಮಾಡುತ್ತದೆ.

ಮಾದರಿ ತೆಗೆಯುವ ಕ್ರಮ

ಹಿಂದಿನ ಬೆಳೆ ಕೊಯ್ದ ಮೇಲೆ, ತಿಪ್ಪೆಗೊಬ್ಬರ ಹಾಕುವ ಮೊದಲು ಮಾದರಿ ತೆಗೆಯಬೇಕು. ಬದು, ಗಿಡದ ನೆರಳು, ಗೊಬ್ಬರ ಗುಂಪು ಹಾಕಿದ ಜಾಗ, ನೀರಿನ ಕಾಲುವೆಯ ಅಂಚು ಇವನ್ನು ಬಿಡಬೇಕು. ಒಂದೇ ಬಣ್ಣ, ಒಂದೇ ಇಳಿಜಾರು ಇರುವ ಭಾಗದಲ್ಲಿ ಹದಿನೈದು ಇಪ್ಪತ್ತು ಕಡೆ ಇಂಗ್ಲಿಷಿನ ‘ವಿ’ ಆಕಾರದ ಗುಳಿ ತೆಗೆದು, ಅದರ ಒಂದು ಬದಿಯಿಂದ ಒಂದಂಗುಲ ದಪ್ಪದ ಪದರವನ್ನು ಅರ್ಧ ಅಡಿ ಆಳದವರೆಗೆ ಕತ್ತರಿಸಿ ಪ್ಲಾಸ್ಟಿಕ್ ಬುಟ್ಟಿಗೆ ಹಾಕಬೇಕು. ತಗಡಿನ ಬುಟ್ಟಿ ಬೇಡ. ಸತುವಿನ ಲೇಪದಿಂದ ಸತುವಿನ ಪರೀಕ್ಷೆ ಕೆಡುತ್ತದೆ. ಕಲಸಿ, ನಾಲ್ಕು ಭಾಗ ಮಾಡಿ, ಎದುರುಬದುರಿನ ಎರಡನ್ನು ಬಿಡುತ್ತ ಹೋಗಿ ಅರ್ಧ ಕಿಲೋ ಉಳಿಸಿಕೊಂಡು ನೆರಳಿನಲ್ಲಿ ಒಣಗಿಸಬೇಕು.

ಎರೆ ಭೂಮಿಯ ಒಂದು ತೊಡಕನ್ನು ಇಲ್ಲಿ ಹೇಳಲೇಬೇಕು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಟ್ಟಿರುತ್ತದೆ. ಮೇಲಿನ ಮಣ್ಣು, ಮೇಲಿನ ಉಪ್ಪು ಬಿರುಕಿನಲ್ಲಿ ಕೆಳಗೆ ಬಿದ್ದಿರುತ್ತದೆ. ಬಿರುಕಿನ ಬಾಯಲ್ಲಿ ಗುಳಿ ತೋಡಿದರೆ ಒಂದೂವರೆ ಅಡಿಯ ಮಣ್ಣೆಂದು ಕಳಿಸಿದ್ದು ನಿಜವಾಗಿ ಮೇಲ್ಮಣ್ಣೇ ಆಗಿರುತ್ತದೆ. ಎರಡು ಬಿರುಕುಗಳ ನಡುವಿನ ಗಟ್ಟಿ ದಿಂಡಿನಿಂದಲೇ ತೆಗೆಯತಕ್ಕದ್ದು.

ಬೀಟಿಗಾಗಿ ಒಂದು ಪೊಟ್ಟಣ ಸಾಲದು. 0-15, 15-30, 30-60 ಮತ್ತು 60-90 ಸೆಂಟಿಮೀಟರ್ ಹೀಗೆ ನಾಲ್ಕು ಪದರಗಳ ಮಾದರಿ ಬೇರೆ ಬೇರೆ ತೆಗೆದು, ಪೊಟ್ಟಣದ ಮೇಲೆ ಆಳವನ್ನು ಬರೆಯಬೇಕು. ಕೆಳಗಿನ ಮೂರನ್ನು ಎಲ್ಲ ಪರೀಕ್ಷೆಗೂ ಒಳಪಡಿಸಬೇಕಾಗಿಲ್ಲ. ಲವಣಾಂಶ ಮತ್ತು ರಸಸಾರ ನೋಡಿದರೆ ಸಾಕು, ಅನುಕೂಲವಿದ್ದಲ್ಲಿ ನೈಟ್ರೇಟ್ ಸಾರಜನಕ. ಮೇಲಿನಿಂದ ಕೆಳಕ್ಕೆ ಉಪ್ಪು ಕಡಿಮೆಯಾಗುತ್ತ ಹೋದರೆ ಅದು ಬೇಸಿಗೆಯಲ್ಲಿ ಮೇಲೇರಿದ ಉಪ್ಪು. ಬಸಿಯುವಿಕೆ ಚೆನ್ನಾಗಿದ್ದರೆ ಬಿತ್ತನೆಗೆ ಮುಂಚೆ ಒಮ್ಮೆ ಆಳವಾಗಿ ನೀರು ಕೊಟ್ಟು ತೊಳೆಯಬಹುದು. ಕೆಳಕ್ಕೆ ಹೋದಂತೆ ಹೆಚ್ಚುತ್ತ ಹೋದರೆ, ಉಪ್ಪಿನ ಭಂಡಾರ ಕೆಳಗಿದೆ ಎಂದಾಯಿತು. ಬಸಿಗಾಲುವೆ ಇಲ್ಲದೆ ಅಲ್ಲಿ ಹೆಚ್ಚು ನೀರು ಕೊಟ್ಟರೆ ಅಂತರ್ಜಲದೊಡನೆ ಅದು ಮೇಲೆ ಬರುತ್ತದೆ.

ಲವಣಾಂಶದ ಅಂಕಿಯನ್ನು ಓದುವುದು

ವರದಿಯಲ್ಲಿ ವಿದ್ಯುತ್ ವಾಹಕತೆ ಎಂದು ಬರೆದಿರುವುದೇ ಲವಣಾಂಶದ ಅಳತೆ. ಈಗ ಅದನ್ನು ಡೆಸಿಸೈಮನ್‌ನಲ್ಲಿ ಕೊಡುತ್ತಾರೆ. ಹಳೆಯ ವರದಿಗಳ ಮಿಲಿಮ್ಹೋ ಎಂಬುದೂ ಇದೇ ಅಂಕಿ. ಬೆಳೆಗಳ ತಾಳಿಕೆಯನ್ನು ಹೇಳುವ ಜಗತ್ತಿನ ಪಟ್ಟಿಗಳೆಲ್ಲ ನೀರು ತುಂಬಿ ಕಲಸಿದ ಮಣ್ಣಿನಿಂದ ಹಿಂಡಿ ತೆಗೆದ ರಸದ ಲೆಕ್ಕದವು. ಆ ಲೆಕ್ಕದಲ್ಲಿ ಸಕ್ಕರೆ ಬೀಟಿನ ಇಳುವರಿ 7 ರವರೆಗೆ ಕುಗ್ಗುವುದಿಲ್ಲ. ಅಲ್ಲಿಂದ ಮುಂದೆ ಒಂದೊಂದು ಅಂಕಿಗೆ ಶೇಕಡಾ 6 ರಷ್ಟು ಕುಗ್ಗುತ್ತದೆ. ಕಬ್ಬು ಮತ್ತು ಗೋವಿನಜೋಳ 1.7 ರಲ್ಲಿಯೇ, ಮೆಣಸಿನಕಾಯಿ 1.5 ರಲ್ಲಿ, ಉಳ್ಳಾಗಡ್ಡಿ 1.2 ರಲ್ಲಿ ಸೋಲತೊಡಗುತ್ತವೆ. ಗೋಧಿ 6, ಜೋಳ 6.8, ಹತ್ತಿ 7.7 ರವರೆಗೆ ನಿಲ್ಲುತ್ತವೆ. ನಮ್ಮ ಹಿರಿಯರು ಎರೆಯಲ್ಲಿ ಜೋಳ, ಗೋಧಿ, ಹತ್ತಿಗಳನ್ನೇ ಹಿಡಿದುಕೊಂಡಿದ್ದರು ಎಂಬುದನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿರಿ.

ಇಲ್ಲಿ ಎರಡು ಎಚ್ಚರಿಕೆಗಳಿವೆ. ಒಂದು: ನಮ್ಮ ಬಹುತೇಕ ಪ್ರಯೋಗಾಲಯಗಳು ಒಂದು ಪಾಲು ಮಣ್ಣಿಗೆ ಎರಡೂವರೆ ಪಾಲು ನೀರು ಕಲಸಿ ಅಳೆಯುತ್ತವೆ. ನೀರು ಹೆಚ್ಚಾದ್ದರಿಂದ ಅಂಕಿ ಚಿಕ್ಕದಾಗಿ ಬರುತ್ತದೆ. ಹಿಂಡಿದ ರಸದ ಅಂಕಿ ಅದರ ಎರಡು-ಮೂರು ಪಟ್ಟು ಅಥವಾ ಇನ್ನೂ ಹೆಚ್ಚು ಇರಬಹುದು. ವರದಿಯಲ್ಲಿ 2 ಎಂದಿದ್ದರೆ “7 ರವರೆಗೆ ಭಯವಿಲ್ಲ” ಎಂದು ನಿಶ್ಚಿಂತರಾಗಬಾರದು. ಯಾವ ಪದ್ಧತಿಯಿಂದ ಅಳೆದದ್ದು ಎಂದು ಪ್ರಯೋಗಾಲಯದವರನ್ನು ಕೇಳಿ ಪಡೆಯುವುದು ರೈತನ ಹಕ್ಕು. ವಿಸ್ತರಣಾ ಕಾರ್ಯಕರ್ತರೂ ಶಿಫಾರಸು ಬರೆಯುವ ಮುನ್ನ ಇದನ್ನು ಕೇಳಬೇಕು. ನಾನು ಕಂಡಂತೆ ಹೆಚ್ಚಿನ ತಪ್ಪುಗಳು ನಡೆಯುವುದು ಇಲ್ಲಿಯೇ.

ಎರಡು: 7 ರ ಲೆಕ್ಕ ಬೆಳೆದ ಬೀಟಿಗೆ ಮಾತ್ರ. ಮೊಳಕೆಯ ಕಾಲದಲ್ಲಿ ಅದು ಎಳೆಗೂಸು. ಬೀಜವಿರುವ ಪದರದಲ್ಲಿ 3 ನ್ನು ಮೀರಿದರೆ ಸಾಲುಗಳು ಹಾರಿಹೋಗುತ್ತವೆ. ಮಡಿಯ ಎರಡೂ ಬದಿಗೆ ನೀರು ಹರಿಸಿದಾಗ ಉಪ್ಪು ಮಡಿಯ ನೆತ್ತಿಗೆ ಹೋಗಿ ಕೂಡುತ್ತದೆ. ಆದ್ದರಿಂದ ಬೀಜವನ್ನು ನೆತ್ತಿಯ ಮೇಲೆ ಊರದೆ ಮಡಿಯ ಪಕ್ಕೆಯಲ್ಲಿ, ನೀರಿನ ಗುರುತಿಗಿಂತ ಸ್ವಲ್ಪ ಮೇಲೆ ಊರಬೇಕು. ಮೊಳಕೆ ಬರುವವರೆಗೆ ತೆಳುವಾಗಿ, ಬೇಗ ಬೇಗ ನೀರು ಕೊಡಬೇಕು. ಕಾಲುವೆ ನೀರಿನ ಸರದಿ ಯಾವಾಗ ಎಂಬುದು ಗೊತ್ತಿಲ್ಲದೆ ಬಿತ್ತಿದರೆ ಈ ಜಾಗದಲ್ಲಿಯೇ ಕೈ ಸುಟ್ಟುಕೊಳ್ಳುತ್ತೇವೆ.

ರಸಸಾರ 6.5 ರಿಂದ 8 ರವರೆಗೆ ಬೀಟಿಗೆ ಒಗ್ಗುತ್ತದೆ. 8.5 ನ್ನು ದಾಟಿದರೆ ವಿನಿಮಯ ಸೋಡಿಯಂ ಪರೀಕ್ಷೆ ಮಾಡಿಸಬೇಕು. ಅದು ಶೇಕಡಾ 15 ಮೀರಿದರೆ ಕರ್ಲು ಎಂದು ಪುಸ್ತಕಗಳು ಹೇಳುತ್ತವೆ, ಆದರೆ ಜೇಡಿ ಹೆಚ್ಚಿರುವ ನಮ್ಮ ಎರೆಯಲ್ಲಿ ಅದಕ್ಕಿಂತ ಎಷ್ಟೋ ಕಡಿಮೆ ಇರುವಾಗಲೇ ನೀರು ಇಳಿಯುವುದು ನಿಲ್ಲುತ್ತದೆ. ಜಿಪ್ಸಂ ಎಷ್ಟು ಬೇಕೆಂಬುದನ್ನು ಪರೀಕ್ಷೆಯಿಂದಲೇ ನಿರ್ಧರಿಸಬೇಕು. ನೆರೆಯವರು ಹಾಕಿದಷ್ಟು ನಾವೂ ಹಾಕುವುದಲ್ಲ.

ಸಾರಜನಕ: ಉಳಿದದ್ದರ ಲೆಕ್ಕ

ಕಬ್ಬಿಗೆ ಅಥವಾ ಗೋವಿನಜೋಳಕ್ಕೆ ಯೂರಿಯಾ ಹಾಕಿದ ಕೈ ಬೀಟಿಗೂ ಹಾಗೆಯೇ ಹಾಕಲು ಹೋಗುತ್ತದೆ. ಬೀಟಿಗೆ ಮೊದಲ ಎರಡು ತಿಂಗಳು ಸಾರಜನಕ ಬೇಕು. ಎಲೆ ಬೆಳೆದು ಸಾಲು ಮುಚ್ಚಬೇಕು. ಆಮೇಲೆ ಅದು ಹಸಿಯಬೇಕು. ಸಾರಜನಕ ಮುಗಿದಾಗಲೇ ಎಲೆಯಲ್ಲಿ ತಯಾರಾದ ಸಕ್ಕರೆ ಗಡ್ಡೆಗಿಳಿದು ಕೂಡಿಕೊಳ್ಳುತ್ತದೆ. ಕೊನೆಯವರೆಗೂ ಸಿಗುತ್ತಿದ್ದರೆ ಹೊಸ ಎಲೆ ಬಿಡುತ್ತಲೇ ಇರುತ್ತದೆ, ಗಡ್ಡೆ ದೊಡ್ಡದಾದರೂ ನೀರು ತುಂಬಿ ಸಕ್ಕರೆ ಇಳಿಯುತ್ತದೆ. ಅಷ್ಟೇ ಅಲ್ಲ, ರಸದಲ್ಲಿ ಸೇರಿದ ಸಾರಜನಕದ ಸಂಯುಕ್ತಗಳು ಸಕ್ಕರೆ ಹರಳುಗಟ್ಟುವುದನ್ನು ತಡೆದು ಅದನ್ನು ಕಾಕಂಬಿಗೆ ಎಳೆಯುತ್ತವೆ. ಸೋಡಿಯಂ, ಪೊಟ್ಯಾಷ್ ಅತಿಯಾದರೂ ಇದೇ ತೊಂದರೆ. ಸವಳು ಭೂಮಿಯಲ್ಲಿ ಬೆಳೆದ ಬೀಟಿನ ತೂಕ ಚೆನ್ನಾಗಿದ್ದರೂ ರಸದ ಶುದ್ಧತೆ ಕಡಿಮೆ ಬರಬಹುದೆಂಬುದನ್ನು ದರ ಮಾತನಾಡುವ ಮುನ್ನ ತಿಳಿದಿರಬೇಕು.

ಉಳಿದಿರುವ ಸಾರಜನಕವನ್ನು ನಮ್ಮ ರೂಢಿಯ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ವರದಿಯಲ್ಲಿ ಸಾವಯವ ಇಂಗಾಲ ಶೇಕಡಾ 0.5 ಕ್ಕಿಂತ ಕಡಿಮೆ ಅಥವಾ ಲಭ್ಯ ಸಾರಜನಕ ಹೆಕ್ಟೇರಿಗೆ 280 ಕಿಲೋಗಿಂತ ಕಡಿಮೆ ಇದ್ದರೆ ‘ಕಡಿಮೆ’ ಎಂದು ಮುದ್ರೆ ಬೀಳುತ್ತದೆ. ನಮ್ಮ ಎರೆ ಭೂಮಿಗಳಲ್ಲಿ ಈ ಮುದ್ರೆ ಸಾಮಾನ್ಯ. ಆದರೆ ಹಿಂದಿನ ಉಳ್ಳಾಗಡ್ಡಿಗೋ ಮೆಣಸಿನಕಾಯಿಗೋ ಧಾರಾಳವಾಗಿ ಹಾಕಿದ ಗೊಬ್ಬರ ಎರಡಡಿಯ ಕೆಳಗೆ ನೈಟ್ರೇಟ್ ರೂಪದಲ್ಲಿ ಕೂತಿರಬಹುದು; ಮೇಲಿನ ಅರ್ಧ ಅಡಿಯ ಪರೀಕ್ಷೆಗೆ ಅದು ಸಿಗುವುದಿಲ್ಲ, ಬೀಟಿನ ಬೇರಿಗೆ ಸಿಗುತ್ತದೆ. ಎರಡಡಿ ಆಳದ ಮಣ್ಣಿನಲ್ಲಿ ಹತ್ತು ಲಕ್ಷಕ್ಕೆ 10 ಭಾಗ ನೈಟ್ರೇಟ್ ಸಾರಜನಕವಿದ್ದರೆ ಹೆಕ್ಟೇರಿಗೆ ಸುಮಾರು 90 ಕಿಲೋ ಆಯಿತು. ಎಂದರೆ 45 ಕಿಲೋ ತೂಕದ ನಾಲ್ಕು ಚೀಲಕ್ಕೂ ಮಿಕ್ಕಿ ಯೂರಿಯಾ. ಬೀಟಿಗೆ ಸಾಮಾನ್ಯವಾಗಿ ಹೇಳುವ ಪ್ರಮಾಣ ಹೆಕ್ಟೇರಿಗೆ 120 ರಿಂದ 150 ಕಿಲೋ ಸಾರಜನಕ. ಉಳಿದದ್ದನ್ನು ಅದರಲ್ಲಿ ಕಳೆಯಬೇಕು, ಮೇಲುಗೊಬ್ಬರವನ್ನು ಎರಡು ತಿಂಗಳೊಳಗೆ ಮುಗಿಸಬೇಕು.

ನೈಟ್ರೇಟ್ ಪರೀಕ್ಷೆಯ ಅನುಕೂಲವಿಲ್ಲದಿದ್ದರೆ ರೈತನ ನೆನಪೇ ಪ್ರಯೋಗಾಲಯ. ಹಿಂದಿನ ಮೂರು ಬೆಳೆ ಯಾವುವು, ಎಷ್ಟು ಚೀಲ ಹಾಕಿತ್ತು, ಇಳುವರಿ ಎಷ್ಟು ಬಂತು, ಕುರಿ ನಿಲ್ಲಿಸಿತ್ತೇ — ಇವನ್ನು ಮಾದರಿಯ ಚೀಟಿಯ ಹಿಂದೆ ಬರೆದು ಕಳಿಸಿರಿ. ಮಳೆಯಾಗದೆ ಕೈಕೊಟ್ಟ ಬೆಳೆಯ ಗೊಬ್ಬರ ಹೊಲದಲ್ಲಿಯೇ ಇದೆ ಎಂಬುದನ್ನು ಅನೇಕರು ಮರೆಯುತ್ತಾರೆ.

ಉಳಿದ ಪೋಷಕಾಂಶಗಳು

ರಂಜಕ ಹೆಕ್ಟೇರಿಗೆ 23 ಕಿಲೋಗಿಂತ ಕಡಿಮೆಯಿದ್ದರೆ ಕೊರತೆ, 56 ನ್ನು ಮೀರಿದರೆ ಹೆಚ್ಚು. ಸುಣ್ಣದ ಹರಳಿರುವ ಎರೆಯಲ್ಲಿ ಚೆಲ್ಲಿದ ರಂಜಕ ಕಟ್ಟಿಹೋಗುವುದರಿಂದ ಬೀಜದ ಸಾಲಿನ ಪಕ್ಕ ಕೆಳಗೆ ಕೊಡಬೇಕು. ಪೊಟ್ಯಾಷನ್ನು ಬೀಟ್ ಬಹಳ ಹೀರುತ್ತದೆ, ಆದರೆ ನಮ್ಮ ಎರೆ ಭೂಮಿಯಲ್ಲಿ ಸಾಮಾನ್ಯವಾಗಿ ಅದರ ಬಡತನವಿಲ್ಲ. ಎಲೆಗಳನ್ನು ಹೊಲದಲ್ಲಿಯೇ ಬಿಟ್ಟರೆ ಒಳ್ಳೆಯ ಪಾಲು ಮಣ್ಣಿಗೆ ಮರಳುತ್ತದೆ. ಸತು 0.6, ಗಂಧಕ 10 ಭಾಗಕ್ಕಿಂತ ಕಡಿಮೆಯಿದ್ದರೆ ಕೊಡಬೇಕಾಗುತ್ತದೆ.

ಬೋರಾನ್ ಮಾತ್ರ ಹೀಗೆ ಒಂದು ಸಾಲಿನಲ್ಲಿ ಮುಗಿಯುವುದಲ್ಲ. ಬೀಟಿನ ಸುಳಿ ಕಪ್ಪಾಗಿ ಸತ್ತು, ಗಡ್ಡೆಯ ನೆತ್ತಿ ಒಳಗೆ ಕೊಳೆಯುವ ರೋಗಕ್ಕೆ ಯುರೋಪಿನಲ್ಲಿ ಬಹುಕಾಲ ಬೂಷ್ಟನ್ನು ಹೊಣೆ ಮಾಡಿದ್ದರು. 1931 ರಲ್ಲಿ ಬ್ರಾಂಡೆನ್‌ಬುರ್ಗ್ ಎಂಬ ವಿಜ್ಞಾನಿ ಅದು ಬೋರಾನ್ ಕೊರತೆ ಎಂದು ತೋರಿಸಿದನು. ಸುಣ್ಣ ಹೆಚ್ಚಿರುವ ಮಣ್ಣಿನಲ್ಲಿ, ಮಣ್ಣು ಒಣಗಿದಾಗ ಬೋರಾನ್ ಬೇರಿಗೆ ಸಿಗುವುದಿಲ್ಲ. 2009 ರಲ್ಲಿ ಆರಂಭವಾದ ಭೂಚೇತನ ಕಾರ್ಯಕ್ರಮದಲ್ಲಿ ರಾಜ್ಯದ ಖುಷ್ಕಿ ಜಮೀನುಗಳ ಮಣ್ಣು ನೋಡಿದಾಗ ಗಂಧಕ, ಸತು, ಬೋರಾನ್ ಕೊರತೆ ವ್ಯಾಪಕವಾಗಿ ಕಂಡಿತು. ಬಿಸಿನೀರಿನಲ್ಲಿ ಕರಗುವ ಬೋರಾನ್ 0.5 ಭಾಗಕ್ಕಿಂತ ಕಡಿಮೆಯಿದ್ದರೆ ಹೆಕ್ಟೇರಿಗೆ 10 ರಿಂದ 15 ಕಿಲೋ ಬೋರಾಕ್ಸನ್ನು ಮಣ್ಣಿನೊಡನೆ ಕಲಸಿ ಸಮನಾಗಿ ಹರಡಬೇಕು. ಪರೀಕ್ಷೆಯಿಲ್ಲದೆ ಹಾಕಬಾರದು: ಸವಳು ಭೂಮಿಯಲ್ಲಿ ಬೋರಾನ್ ಮೊದಲೇ ಹೆಚ್ಚಿರಬಹುದು, ಬೀಟ್ ಅದನ್ನು ತಾಳಿಕೊಂಡರೂ ಮುಂದಿನ ಬೆಳೆ ತಾಳಲಾರದು.

ತಾಲ್ಲೂಕಿನಿಂದ ತಾಲ್ಲೂಕಿಗೆ

ನವಲಗುಂದ ಮತ್ತು ಅಣ್ಣಿಗೇರಿಯ ಆಳವಾದ ಎರೆಯಲ್ಲಿ ಪ್ರಶ್ನೆ ಬಸಿಯುವಿಕೆಯದು ಮತ್ತು ಉಪ್ಪಿನದು. ಅಣ್ಣಿಗೇರಿಯ ಹೆಸರನ್ನೇ ಹೊತ್ತ ಕಡಲೆ ತಳಿ ನಾಡಿನಲ್ಲೆಲ್ಲ ಬೆಳೆದಿದೆ. ಉಪ್ಪಿಲ್ಲದ ಹೊಲದಲ್ಲಿ ಕಡಲೆ ಬಿಟ್ಟು ಬೀಟಿಗೆ ಹೋಗಬೇಕಾದರೆ ಬಲವಾದ ಕಾರಣ ಬೇಕು. ಏಕೆಂದರೆ ಕಡಲೆಗೆ ಉಪ್ಪು ಆಗದು, ಆದರೆ ನೀರೂ ಬೇಡ, ಮಾರುಕಟ್ಟೆಯೂ ಮನೆಬಾಗಿಲಲ್ಲಿದೆ. ನವಲಗುಂದ ತಾಲ್ಲೂಕಿನ ಬೆಳವಟಗಿಯಲ್ಲಿ ವಿಶ್ವವಿದ್ಯಾಲಯದ ನೀರು ನಿರ್ವಹಣಾ ಸಂಶೋಧನೆ ನಡೆಯುತ್ತ ಬಂದಿದೆ. ಆ ಭಾಗದ ರೈತರು ಅಲ್ಲಿಗೆ ಹೋಗಿ ಕೇಳಬಹುದು.

ಕುಂದಗೋಳದಲ್ಲಿ ಎರೆಯೇ ಇದ್ದರೂ ನೀರಾವರಿ ಹೆಚ್ಚಾಗಿ ಕೊಳವೆ ಬಾವಿಯದು. ಅಲ್ಲಿ ಮಣ್ಣಿನೊಡನೆ ನೀರನ್ನೂ ಪರೀಕ್ಷೆಗೆ ಕಳಿಸಬೇಕು. ಪಂಪು ಅರ್ಧ ತಾಸು ಓಡಿದ ಮೇಲೆ ತೊಳೆದ ಸೀಸೆಯಲ್ಲಿ ಹಿಡಿಯಿರಿ. ಉಳಿಕೆ ಸೋಡಿಯಂ ಕಾರ್ಬೊನೇಟ್ 1.25 ರ ಒಳಗಿದ್ದರೆ ಒಳ್ಳೆಯದು, 2.5 ಮೀರಿದರೆ ಅಂಥ ನೀರು ಕೆಲವೇ ವರ್ಷಗಳಲ್ಲಿ ಒಳ್ಳೆಯ ಎರೆಯನ್ನೂ ಕರ್ಲು ಮಾಡುತ್ತದೆ.

ಕಲಘಟಗಿಯ ಕೆಂಪು ಮಣ್ಣಿನಲ್ಲಿ ಲೆಕ್ಕವೇ ತಿರುಗುಮುರುಗು. ಅಲ್ಲಿ ಮಳೆ ಹೆಚ್ಚು, ನೀರು ಬಸಿಯುತ್ತದೆ, ಉಪ್ಪಿಲ್ಲ, ಆದರೆ ಹುಳಿಯಿದೆ. ರಸಸಾರ 6 ಕ್ಕಿಂತ ಕೆಳಗಿದ್ದರೆ ಬೀಟ್ ಕುಂಟುತ್ತದೆ, ಸುಣ್ಣ ಹಾಕಬೇಕಾಗುತ್ತದೆ. ಅಡಿಯೊಳಗೆ ಗರಸು ತಾಗುವ ಹೊಲಗಳನ್ನು ಬಿಡುವುದೇ ಲೇಸು. ಭತ್ತದ ಗದ್ದೆಯಲ್ಲಿ ಕೆಸರು ಮಾಡಿ ಗಟ್ಟಿಯಾದ ತಳವಿರುತ್ತದೆಂಬುದನ್ನೂ ನೆನಪಿಡಬೇಕು.

ಬಿತ್ತುವುದಾದರೆ

ಧಾರವಾಡ ಜಿಲ್ಲೆಯಲ್ಲಿ ಬೀಟ್ ಸಕ್ಕರೆ ಕಾರ್ಖಾನೆ ಇಲ್ಲ. ಕಬ್ಬಿನ ಗಾಣ ಬೀಟನ್ನು ಅರೆಯಲಾರದು. ಗಡ್ಡೆಯನ್ನು ಹೆರೆದು ಬಿಸಿ ನೀರಿನಲ್ಲಿ ರಸ ಇಳಿಸುವ ಬೇರೆಯೇ ಯಂತ್ರ ಬೇಕು. ಕಿತ್ತ ಗಡ್ಡೆ ಮಾರ್ಚಿಯ ಬಿಸಿಲಿನಲ್ಲಿ ಬಿದ್ದರೆ ದಿನದಿನಕ್ಕೂ ಸಕ್ಕರೆ ಕಳೆದುಕೊಳ್ಳುತ್ತದೆ. ಕೊಳ್ಳುವವರು ಯಾರು, ತೂಕಕ್ಕೋ ಸಕ್ಕರೆ ಅಂಶಕ್ಕೋ ದರ, ಎಂದು ಒಯ್ಯುತ್ತಾರೆ ಎಂಬುದು ಬರವಣಿಗೆಯಲ್ಲಿ ಕೈಗೆ ಬರುವವರೆಗೆ ಎಕರೆಗಟ್ಟಲೆ ಬಿತ್ತಬಾರದು. ದನಕರುಗಳ ಮೇವಿಗೆಂದು ಒಂದೆರಡು ಗುಂಟೆ ಬಿತ್ತಿ ನೋಡಲು ಅಡ್ಡಿಯಿಲ್ಲ. ಎಲೆಯಲ್ಲಿ ಆಕ್ಸಾಲಿಕ್ ಆಮ್ಲವಿರುವುದರಿಂದ ಎರಡು ಮೂರು ದಿನ ಬಾಡಿಸಿ, ಬೇರೆ ಮೇವಿನೊಡನೆ ಬೆರೆಸಿ ಹಾಕಬೇಕು.

ಹಾಗೆ ಬಿತ್ತಿದವರು ನಡುವೆ ನಾಲ್ಕು ಸಾಲುಗಳಿಗೆ ಸಾರಜನಕವನ್ನು ಹಾಕದೆ ಬಿಡಿರಿ. ಅರವತ್ತನೆಯ ದಿನ ಆ ಸಾಲುಗಳು ಪಕ್ಕದವುಗಳಷ್ಟೇ ಹಸಿರಾಗಿದ್ದರೆ, ನಿಮ್ಮ ಹೊಲದಲ್ಲಿ ಹಳೆಯ ಸಾರಜನಕ ಎಷ್ಟಿತ್ತೆಂಬುದಕ್ಕೆ ಅದೇ ಸಾಕ್ಷಿ.

ಮೊದಲು ಹೇಳಿದ ನವಲಗುಂದದ ರೈತರು ಆಮೇಲೆ ನಾಲ್ಕು ಪೊಟ್ಟಣಗಳನ್ನು ತಂದರು. ಕೆಳಗಿನ ಪದರಕ್ಕೆ ಹೋದಂತೆ ಉಪ್ಪು ಏರುತ್ತ ಹೋಗಿತ್ತು. ಗುಂಡಿಯಲ್ಲಿ ಮೊಣಕಾಲುದ್ದ ನೀರು ಒಸರಿತ್ತಂತೆ. ಗೊಬ್ಬರದ ಚೀಲಗಳ ಲೆಕ್ಕವನ್ನು ನಾನು ಅವರಿಗೆ ಕೊಡಲಿಲ್ಲ. ಹಳ್ಳದ ಕಡೆಗೆ ಬಸಿಗಾಲುವೆ ತೋಡಲು ಕೆಳಗಿನ ಹೊಲದವರು ಒಪ್ಪುತ್ತಾರೆಯೇ ಎಂದು ಕೇಳಿದೆ. “ಅವರ ಹೊಲದಾಗೂ ಹಂಗ ಐತ್ರಿ, ಕೂಡೇ ತೋಡ್ತೀವಿ” ಎಂದರು. ಮೇಲಿನ ಎರಡೆಕರೆಯ ಮಾದರಿ ಬೇರೆ ತರಲು ಹೇಳಿ ಕಳಿಸಿದೆ.